ಡೊರೊಥಿ ಡ್ರೇಪರ್ ಥರ ಬಣ್ಣ ಹಚ್ಚಬೇಕಾ? ಮೊದಲು ಬಿಳಿ ಡಬ್ಬಿ ತೆಗೆಯಿರಿ

ಓದುವ ಕೋಣೆಗೆ ಮೊದಲ ಸಲ ಗುಲಾಬಿ ಮತ್ತು ಹಸಿರು ಹಚ್ಚಿದಾಗ ಎರಡೇ ದಿನಕ್ಕೆ ನನಗೆ ತಲೆನೋವು ಬಂತು. ಎರಡು ಗೋಡೆ ಗುಲಾಬಿ, ಎರಡು ಗೋಡೆ ಹಸಿರು. ಮೂಲೆಗಳಲ್ಲಿ ಎರಡೂ ಮೈಗೆ ಮೈ ತಾಗಿಸಿಕೊಂಡು ನಿಂತಿದ್ದವು. ಮಧ್ಯಾಹ್ನ ಗುಲಾಬಿ ಗೋಡೆಯ ಬೆಳಕು ಹಸಿರಿನ ಮೇಲೆ ಬಿದ್ದರೆ, ಹಸಿರು ಕೆಸರಿನ ಹಾಗೆ ಕಾಣುತ್ತಿತ್ತು. ಬಣ್ಣವನ್ನೇ ಬೈದುಕೊಂಡೆ. ಆಮೇಲೆ ಡ್ರೇಪರ್ ಮಾಡಿದ ಕೋಣೆಗಳ ಫೋಟೊಗಳನ್ನು ಮತ್ತೊಮ್ಮೆ ಕೂತು ನೋಡಿದೆ. ಅಲ್ಲೂ ಅದೇ ಗುಲಾಬಿ, ಅದೇ ಹಸಿರು. ಆದರೆ ನಡುವೆ ಎಷ್ಟೊಂದು ಬಿಳಿ!

ಡ್ರೇಪರ್ ಅಮೆರಿಕದವರು, 1889ರಲ್ಲಿ ಹುಟ್ಟಿದವರು. ಮನೆ ಅಲಂಕಾರವನ್ನೇ ವ್ಯಾಪಾರವಾಗಿ ನಡೆಸಿದ ಮೊದಲಿಗರಲ್ಲಿ ಒಬ್ಬರು. 1925ರಲ್ಲೇ ನ್ಯೂಯಾರ್ಕ್‌ನಲ್ಲಿ ಸ್ವಂತ ಕಂಪನಿ ತೆರೆದಿದ್ದರು. ಅಲ್ಲಿನ ಸಟನ್ ಪ್ಲೇಸ್ ಅನ್ನುವ ಬೀದಿಯಲ್ಲಿ ಒಂದು ಸಾಲು ಹಳೇ ಬಾಡಿಗೆ ಕಟ್ಟಡಗಳಿದ್ದವು. ಅವಕ್ಕೆ ಹೊರಗಿನಿಂದ ಕಪ್ಪು ಬಳಿಸಿದರು. ಅಂಚುಗಳಿಗೆ ಬಿಳಿ. ಬಾಗಿಲುಗಳಿಗೆ ಮಾತ್ರ ಕಣ್ಣು ಕುಕ್ಕುವ ಬಣ್ಣ. ಲೆಕ್ಕ ನೋಡಿ: ಕಪ್ಪು ಜಾಸ್ತಿ, ಬಿಳಿ ಕಡಿಮೆ, ಬಣ್ಣ ಒಂದು ಬಾಗಿಲಿನಷ್ಟು.

ಹಾಗಾಗಿ ನನ್ನ ಮೊದಲ ಸಲಹೆ, ಎರಡು ಗಾಢ ಬಣ್ಣಗಳನ್ನು ಎಲ್ಲೂ ನೇರವಾಗಿ ಮುಟ್ಟಿಸಬೇಡಿ. ಬಾಗಿಲ ಚೌಕಟ್ಟು, ಕಿಟಕಿ, ಗೋಡೆ ಬುಡದ ಪಟ್ಟಿ, ಇವೆಲ್ಲ ಬಿಳಿ ಇರಲಿ. ಕೆನೆ ಬಣ್ಣ ಬೇಡ, ಅಚ್ಚ ಬಿಳಿ. ಕೆನೆ ಪಕ್ಕದಲ್ಲಿದ್ದರೆ ಗುಲಾಬಿ ಮಾಸಿದ ಹಾಗೆ ಕಾಣುತ್ತದೆ, ನಾನು ಮಾಡಿ ನೋಡಿದ್ದೇನೆ. ಪಟ್ಟಿ ಅಗಲವಾಗಿರಲಿ. ಬೆರಳಗಲದ ಗೆರೆ ಎಳೆದರೆ ಹೆದರಿಕೊಂಡು ಎಳೆದ ಹಾಗಿರುತ್ತದೆ. ಡ್ರೇಪರ್ ಕೋಣೆಗಳಲ್ಲಿ ಎಲ್ಲವೂ ದೊಡ್ಡದು: ದಪ್ಪ ಪಟ್ಟೆ, ದೊಡ್ಡ ದೊಡ್ಡ ಗುಲಾಬಿ ಹೂವಿನ ಬಟ್ಟೆ, ಕಪ್ಪು ಬಿಳುಪು ಚದುರಂಗದ ನೆಲ.

ಯಾವ ಬಣ್ಣದ ಜೊತೆ ಯಾವುದು ಅಂತ ತಲೆ ಕೆಡಿಸಿಕೊಳ್ಳುವ ಬದಲು ಒಂದು ಹೂವಿನ ಬಟ್ಟೆ ಹುಡುಕಿ. ವೆಸ್ಟ್ ವರ್ಜೀನಿಯಾದ ಗ್ರೀನ್‌ಬ್ರಯರ್ ಹೋಟೆಲ್ ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ಆಸ್ಪತ್ರೆ ಆಗಿತ್ತು. ಅದನ್ನು ಮತ್ತೆ ಹೋಟೆಲ್ ಮಾಡುವ ಕೆಲಸ ಡ್ರೇಪರ್ ಪಾಲಿಗೆ ಬಂತು, 1948ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ಅವರು ಬಳಸಿದ ಬಟ್ಟೆಯ ತುಂಬ ರೋಡೊಡೆಂಡ್ರನ್ ಹೂವು. ಅದು ಆ ರಾಜ್ಯದ್ದೇ ಹೂವು. ಗುಲಾಬಿ ಬಣ್ಣದ ಹೂವು, ಹಸಿರು ಎಲೆ, ಬಿಳಿ ಹಿನ್ನೆಲೆ. ಜೋಡಿ ಅಲ್ಲೇ ಸಿದ್ಧ ಇದೆ, ಅಲ್ವಾ? ನೀವೂ ಬಟ್ಟೆಯಿಂದ ಎರಡೇ ಬಣ್ಣ ಎತ್ತಿಕೊಳ್ಳಿ. ಒಂದು ಗೋಡೆಗೆ, ಇನ್ನೊಂದು ಬಾಗಿಲಿಗೋ ಕುರ್ಚಿಗೋ. ಮೂರನೆಯದು ಬೇಕು ಅನ್ನಿಸಿದರೆ ಒಂದು ವಾರ ತಡೆಯಿರಿ. ನನಗಂತೂ ಆ ಆಸೆ ಪ್ರತಿ ಸಲ ತಾನಾಗೇ ಇಳಿದಿದೆ.

ಮಾದರಿಯನ್ನು ಗೋಡೆಯ ಮೇಲೆ ಬಳಿದು ನೋಡಬೇಡಿ, ಪಕ್ಕದ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಎರಡಡಿ ಚೌಕದ ಬಿಳಿ ರಟ್ಟಿಗೆ ಎರಡು ಕೋಟ್ ಹಚ್ಚಿ, ಸುತ್ತ ಎರಡಿಂಚು ಬಿಳಿ ಬಿಡಿ. ಬೆಳಗ್ಗೆ, ಸಂಜೆ, ರಾತ್ರಿ ದೀಪದಲ್ಲಿ, ಮೂರೂ ಹೊತ್ತು ನೋಡಿ. ಗಾಢ ಬದನೆ ಬಣ್ಣ ಹಗಲಲ್ಲಿ ಚಂದ ಇದ್ದು ರಾತ್ರಿ ಬರೀ ಕಪ್ಪಾಗಿಬಿಡಬಹುದು.

ಕೆಂಪು ಆರಿಸಿದರೆ ಕೆಳಗೆ ಬೂದು ಪ್ರೈಮರ್ ಹಾಕಿಸಿ. ಬಿಳಿಯ ಮೇಲೆ ಹಚ್ಚಿದರೆ ನಾಲ್ಕು ಕೋಟ್ ಆದರೂ ಮುಗಿಯುವುದಿಲ್ಲ. ಹೊಳೆಯುವ ಬಣ್ಣವಾದರೆ ಮೊದಲು ಗೋಡೆಗೆ ಪುಟ್ಟಿ ಹಾಕಿ, ಉಜ್ಜಿ, ಗೋಡೆಯ ಪಕ್ಕಕ್ಕೆ ಟಾರ್ಚ್ ಹಿಡಿದು ನೋಡಿ. ಒಂದೊಂದು ಗುಳಿಯೂ ಎದ್ದು ಕಾಣುತ್ತದೆ.

ಕೊನೆಗೆ ಅಂಚು. ಗೋಡೆ ಮತ್ತು ಬಿಳಿ ಪಟ್ಟಿ ಸೇರುವ ಗೆರೆ ಸೊಟ್ಟಗಾದರೆ ಎಲ್ಲ ಶ್ರಮವೂ ನೀರಲ್ಲಿ ಹೋಮ. ಮೊದಲು ಪಟ್ಟಿಗೆ ಬಿಳಿ ಹಚ್ಚಿ, ಚೆನ್ನಾಗಿ ಒಣಗಲು ಬಿಡಿ. ಅದರ ಮೇಲೆ ಟೇಪ್ ಅಂಟಿಸಿ, ಅಂಚನ್ನು ಉಗುರಿನಿಂದ ಒತ್ತಿ. ಈಗ ಟೇಪಿನ ಅಂಚಿಗೆ ಮತ್ತೊಮ್ಮೆ ಅದೇ ಬಿಳಿಯನ್ನು ತೆಳ್ಳಗೆ ಸವರಿ. ಟೇಪಿನ ಕೆಳಗೆ ನುಸುಳುವುದಿದ್ದರೆ ಬಿಳಿಯೇ ನುಸುಳಿ ಸಂದು ಮುಚ್ಚುತ್ತದೆ, ಗುಲಾಬಿಗೆ ಜಾಗ ಇರುವುದಿಲ್ಲ. ಅದು ಒಣಗಿದ ಮೇಲೆ ಗುಲಾಬಿ ಹಚ್ಚಿ. ಕೊನೇ ಕೋಟ್ ಇನ್ನೂ ಹಸಿ ಇರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿ, ಓರೆಯಾಗಿ, ನಿಧಾನ ಎಳೆಯಿರಿ. ಪೂರ್ತಿ ಒಣಗಲಿ ಅಂತ ನಾನೊಮ್ಮೆ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಗ್ಗೆ ಟೇಪಿನ ಜೊತೆ ಅಂಗೈ ಉದ್ದದ ಗುಲಾಬಿ ಸಿಪ್ಪೆಯೂ ಎದ್ದು ಬಂತು. ಆ ಜಾಗ ಈಗ ಕಪಾಟಿನ ಹಿಂದಿದೆ.