ಮಗುವಿನ ಜೊತೆ ಮನೆಯಲ್ಲೇ ಕಟ್ಟಿ ಘಾಟಿ ರೈಲು

ಹಳಿ ತಂದ ದಿನವೇ ರೈಲು ಓಡಬೇಕು. ಮಕ್ಕಳ ಜೊತೆ ಮಾದರಿ ರೈಲು ಕಟ್ಟಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಇದು. ಬೆಟ್ಟ, ಸುರಂಗ, ಸ್ಟೇಷನ್ ಎಲ್ಲಾ ಮುಗಿಸಿ ಕೊನೆಗೆ ರೈಲು ಬಿಡೋಣ ಅಂತ ದೊಡ್ಡವರಿಗೆ ಆಸೆ. ಏಳೆಂಟು ವರ್ಷದ ಮಗುವಿಗೆ ಅಷ್ಟು ದಿನ ಕಾಯುವ ತಾಳ್ಮೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಮೊದಲ ಸಂಜೆ ನೆಲದ ಮೇಲೆ ಒಂದು ಸುತ್ತು ಓಡಿದರೆ ಸಾಕು, ಮುಂದಿನ ಕೆಲಸವನ್ನು ಮಗುವೇ ನೆನಪಿಸಿ ಮಾಡಿಸಿಕೊಳ್ಳುತ್ತದೆ.

ಅದಕ್ಕೂ ಮೊದಲು ಯಾವ ಜಾಗವನ್ನು ಕಟ್ಟುತ್ತೀರಿ ಅಂತ ಇಬ್ಬರೂ ಕೂತು ತೀರ್ಮಾನಿಸಿ. ಮಗು ಕಣ್ಣಾರೆ ಕಂಡ ಜಾಗವಾದರೆ ಒಳ್ಳೆಯದು. ನಾನು ಇಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯನ್ನು ಆರಿಸಿಕೊಂಡಿದ್ದೇನೆ. ಸುಮಾರು 55 ಕಿ.ಮೀ. ದಾರಿ, 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ಈ ದಾರಿ ಈಗ ಬ್ರಾಡ್ ಗೇಜ್. ಬೆಂಗಳೂರಿನಿಂದ ಮಂಗಳೂರಿಗೆ ಹಗಲು ರೈಲಿನಲ್ಲಿ ಹೋದ ಮಕ್ಕಳಿಗೆ ಕತ್ತಲು, ಬೆಳಕು, ಮತ್ತೆ ಕತ್ತಲು ನೆನಪಿದ್ದೇ ಇರುತ್ತದೆ.

ಪುಟ್ಟ ಹಲಗೆಗೆ ಈ ದಾರಿ ಹೇಳಿ ಮಾಡಿಸಿದ ಹಾಗಿದೆ. ಮನೆಯಲ್ಲಿ ಹಾಕುವ ಹಳಿ ಮೊಟ್ಟೆಯಾಕಾರದ ಒಂದು ಸುತ್ತು. ಬರೀ ಸುತ್ತು ಕಣ್ಣಿಗೆ ಬಿದ್ದರೆ ರೈಲು ಎಲ್ಲಿಗೂ ಹೋಗುತ್ತಿಲ್ಲ ಅನ್ನಿಸುತ್ತದೆ. ಒಂದು ತುದಿಯ ತಿರುವಿನ ಮೇಲೆ ಬೆಟ್ಟ ಕೂರಿಸಿ ನೋಡಿ. ರೈಲು ಒಳಗೆ ಹೋಗಿ ಮರೆಯಾಗುತ್ತದೆ, ಸ್ವಲ್ಪ ಹೊತ್ತಿಗೆ ಬೇರೆ ಕಡೆಯಿಂದ ಬರುತ್ತದೆ. ಆಗ ಅದು ಎಲ್ಲಿಂದಲೋ ಬಂದ ರೈಲು.

ಅಳತೆ ಯಾವುದು?

ಹೆಚ್ಚು ಜನ ಬಳಸುವುದು ಎಚ್‌ಒ ಅಳತೆ. ನಿಜವಾದದ್ದರ 87ರಲ್ಲಿ ಒಂದು ಪಾಲು. ಎರಡು ಹಳಿಗಳ ನಡುವೆ 16.5 ಮಿ.ಮೀ. ಅಂತರ. ಇದಕ್ಕಿಂತ ಚಿಕ್ಕದು ಎನ್ ಅಳತೆ. ಅದು 160ರಲ್ಲಿ ಒಂದು ಪಾಲು, ಅಂತರ 9 ಮಿ.ಮೀ. ಜಾಗ ತೀರಾ ಕಮ್ಮಿ ಇರುವ ಫ್ಲಾಟ್‌ನಲ್ಲಿ ಎನ್ ಅಳತೆಗೆ 3 ಅಡಿಗೆ 2 ಅಡಿ ಹಲಗೆ ಸಾಕು. ಆದರೆ ಅದರ ಚಕ್ರಗಳನ್ನು ಹಳಿ ಮೇಲೆ ಕೂರಿಸುವುದು ಸಣ್ಣ ಕೈಗಳಿಗೆ ಕಷ್ಟ. ಮಗು ಹತ್ತು ದಾಟಿಲ್ಲ ಅಂದರೆ ಎಚ್‌ಒ ಅಳತೆಯನ್ನೇ ತಗೊಳ್ಳಿ.

ಮಗುವಿನ ಕೈಗೆ ಕ್ಯಾಲ್ಕುಲೇಟರ್ ಕೊಟ್ಟು 87ರಿಂದ ಭಾಗಿಸಲು ಹೇಳಿ. 130 ಸೆಂ.ಮೀ. ಎತ್ತರದ ಮಗು ಈ ಲೋಕದಲ್ಲಿ 1.5 ಸೆಂ.ಮೀ. ನಮ್ಮ ಹಳೆಯ ನೀಲಿ ಬೋಗಿ ಸುಮಾರು 21.3 ಮೀಟರ್ ಉದ್ದ, ಇಲ್ಲಿ 24.5 ಸೆಂ.ಮೀ. ಇಪ್ಪತ್ತು ಬೋಗಿಯ ರೈಲು ಬೇಕು ಅಂತ ಹಟ ಹಿಡಿದರೆ ಅದನ್ನೂ ಲೆಕ್ಕ ಹಾಕಿಸಿ. ಎಂಜಿನ್ ಬಿಟ್ಟೇ ಐದು ಮೀಟರ್ ಹತ್ತಿರ ಬರುತ್ತದೆ! ಹಾಗಾಗಿ ಮೂರು ಬೋಗಿಗೆ ಒಪ್ಪಿಸುವುದು ಸುಲಭ.

ಒಂದು ಸಣ್ಣ ವ್ಯತ್ಯಾಸ ತಿಳಿದಿರಲಿ. ಎಚ್‌ಒ ಹಳಿ 1,435 ಮಿ.ಮೀ. ಅಗಲದ ಸ್ಟ್ಯಾಂಡರ್ಡ್ ಗೇಜ್‌ಗೆ ಮಾಡಿದ್ದು. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ. ಲೆಕ್ಕದ ಪ್ರಕಾರ 19 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಅಂತರ ಇರಬೇಕಿತ್ತು. ರೈಲು ಓಡುವಾಗ ಇದು ಕಣ್ಣಿಗೆ ಕಾಣುವುದಿಲ್ಲ. ನಮ್ಮ ಮೆಟ್ರೊ ಓಡುವುದು ಸ್ಟ್ಯಾಂಡರ್ಡ್ ಗೇಜ್ ಮೇಲೆ. ನಿಮ್ಮ ಮಗುವಿಗೆ ಮೆಟ್ರೊ ಇಷ್ಟವಾದರೆ ಅಳತೆ ಸರಿಯಾಗಿ ಕೂಡುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು

ಮೊದಲ ಸಲಕ್ಕೆ ಸ್ಟಾರ್ಟರ್ ಸೆಟ್ ತಗೊಳ್ಳುವುದೇ ಸರಿ. ಎಂಜಿನ್, ಎರಡು ಮೂರು ಬೋಗಿ, ಹಳಿ, ವೇಗ ಹೆಚ್ಚು ಕಮ್ಮಿ ಮಾಡುವ ಕಂಟ್ರೋಲರ್ ಎಲ್ಲಾ ಒಟ್ಟಿಗೆ ಬರುತ್ತದೆ. 12 ವೋಲ್ಟ್ ಡಿಸಿ, ಎರಡು ಹಳಿಯಲ್ಲಿ ಕರೆಂಟ್ ಹರಿಯುವ ಸೆಟ್ ಕೇಳಿ. ಮಾರ್ಕ್ಲಿನ್ ಕಂಪನಿಯ ಎಚ್‌ಒ ರೈಲುಗಳು ತುಂಬಾ ಚೆನ್ನಾಗಿವೆ, ಆದರೆ ಅವುಗಳ ವ್ಯವಸ್ಥೆ ಬೇರೆ. ಹಳಿಯ ನಡುವೆ ಇರುವ ಸಣ್ಣ ಗುಬುಟುಗಳಿಂದ ಕರೆಂಟ್ ತಗೊಳ್ಳುತ್ತವೆ. ಅದನ್ನು ಇದರ ಜೊತೆ ಬೆರೆಸಲು ಆಗುವುದಿಲ್ಲ. ಹಾರ್ನ್‌ಬಿಯ ಓಓ ರೈಲುಗಳು 76ರಲ್ಲಿ ಒಂದು ಪಾಲಿನವು. ಸ್ವಲ್ಪ ದೊಡ್ಡವಾದರೂ ಇದೇ ಹಳಿಯ ಮೇಲೆ ಓಡುತ್ತವೆ.

ಅಮೆರಿಕದಿಂದ ಚಿಕ್ಕಪ್ಪನೋ ಅತ್ತೆಯೋ ಸೆಟ್ ತಂದುಕೊಟ್ಟಿದ್ದರೆ ಪ್ಲಗ್ ಚುಚ್ಚುವ ಮೊದಲು ಅಡಾಪ್ಟರ್ ಮೇಲೆ ಬರೆದಿರುವುದನ್ನು ಓದಿ. 120 ವೋಲ್ಟ್ ಅಂತ ಮಾತ್ರ ಇದ್ದರೆ ನಮ್ಮ 230 ವೋಲ್ಟ್‌ಗೆ ಅದು ಸುಟ್ಟೇ ಹೋಗುತ್ತದೆ. 100ರಿಂದ 240 ಅಂತ ಇದ್ದರೆ ತೊಂದರೆ ಇಲ್ಲ.

ನಮ್ಮ ಘಾಟಿಯ ಸುತ್ತಿಗೆ ಬೇಕಾದ ಹಳಿ ಇಷ್ಟು: 18 ಇಂಚು ತ್ರಿಜ್ಯದ ಬಾಗಿದ ತುಂಡು 12, ಒಂಬತ್ತು ಇಂಚಿನ ನೇರ ತುಂಡು 6. ಬಾಗಿದ 12 ತುಂಡು ಸೇರಿದರೆ ಪೂರ್ತಿ ವೃತ್ತ. ಆರು ಆರು ಮಾಡಿ ನಡುವೆ ಮೂರು ಮೂರು ನೇರ ತುಂಡು ಹಾಕಿದರೆ ಸುಮಾರು 64 ಇಂಚು ಉದ್ದ, 37 ಇಂಚು ಅಗಲದ ದಾರಿ ಆಗುತ್ತದೆ. 6 ಅಡಿಗೆ 4 ಅಡಿ ಹಲಗೆಯಲ್ಲಿ ಅದು ಆರಾಮಾಗಿ ಕೂರುತ್ತದೆ. ಇಷ್ಟು ಬಿಗಿಯಾದ ತಿರುವಿಗೆ ಗಿಡ್ಡ ಬೋಗಿ, ಗೂಡ್ಸ್ ವ್ಯಾಗನ್ ಮತ್ತು ನಾಲ್ಕು ಆಕ್ಸಲ್‌ನ ಎಂಜಿನ್ ಒಳ್ಳೆಯದು.

ಮೊದಲ ಸಂಜೆ ಇದನ್ನೆಲ್ಲ ಬರಿ ನೆಲದ ಮೇಲೆ ಜೋಡಿಸಿ ಓಡಿಸಿ. ಕಾರ್ಪೆಟ್ ಅಥವಾ ಜಮಖಾನದ ಮೇಲೆ ಮಾತ್ರ ಬೇಡ, ಅದರ ನೂಲು ಗೇರಿಗೆ ಸುತ್ತಿಕೊಳ್ಳುತ್ತದೆ.

ಹಲಗೆ

ಎಂಟು ಅಡಿಗೆ ನಾಲ್ಕು ಅಡಿ ಪ್ಲೈವುಡ್ ಶೀಟಿನಿಂದ ಅಂಗಡಿಯಲ್ಲೇ ಆರು ಅಡಿ ಕತ್ತರಿಸಿಕೊಳ್ಳಿ. 9 ಅಥವಾ 12 ಮಿ.ಮೀ. ದಪ್ಪ ಸಾಕು. ಕೆಳಗೆ ಮರದ ಪಟ್ಟಿಗಳ ಚೌಕಟ್ಟು ಹೊಡೆಯದಿದ್ದರೆ ಒಂದು ಮಳೆಗಾಲಕ್ಕೇ ಪ್ಲೈ ಬಾಗುತ್ತದೆ. ಒಂದೂವರೆ ಅಡಿಗೊಂದು ಅಡ್ಡಪಟ್ಟಿ ಇರಲಿ. ಎತ್ತರ ಮಗುವಿನ ಎದೆಮಟ್ಟಕ್ಕೆ ಬರುವಂತೆ ನೋಡಿಕೊಳ್ಳಿ. ಆಗ ರೈಲು ಕಣ್ಣಿಗೆ ಪಕ್ಕದಿಂದ ಕಾಣುತ್ತದೆ, ಮೇಲಿನಿಂದಲ್ಲ. ಹಾಗೆ ನೋಡಿದಾಗಲೇ ಅದು ದೊಡ್ಡ ರೈಲು. ನಾಲ್ಕು ಅಡಿ ಅಗಲವನ್ನು ಒಂದೇ ಕಡೆಯಿಂದ ಎಟುಕಿಸಲು ದೊಡ್ಡವರಿಗೂ ಆಗುವುದಿಲ್ಲ. ಗೋಡೆಗೆ ಒತ್ತಿ ಇಡುವುದಾದರೆ ಕಾಲಿಗೆ ಚಕ್ರ ಹಾಕಿಸಿ.

ಈಗ ಏರು-ಇಳಿಜಾರಿನ ಪ್ರಶ್ನೆ. ಘಾಟಿ ಅಂದ ಮೇಲೆ ರೈಲು ಬೆಟ್ಟ ಹತ್ತಬೇಕು ಅಂತ ಮಗು ಕೇಳೇ ಕೇಳುತ್ತದೆ. ನಿಜವಾದ ಘಾಟಿಯ ಏರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಕೇಳಲು ಕಮ್ಮಿ ಅನ್ನಿಸಿದರೂ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಅದು ಬಲು ಕಡಿದು. ಅದಕ್ಕೇ ಭಾರದ ಗೂಡ್ಸ್ ರೈಲಿಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಹಚ್ಚುತ್ತಾರೆ, ಅದಕ್ಕೆ ಬ್ಯಾಂಕರ್ ಅನ್ನುತ್ತಾರೆ. ನಮ್ಮ ಹಲಗೆಯಲ್ಲಿ ಒಂದು ಹಳಿಯ ಮೇಲೆ ಇನ್ನೊಂದು ದಾಟಬೇಕಾದರೆ ಏಳೂವರೆ ಸೆಂ.ಮೀ. ಏರಬೇಕು. ಅದೇ ಲೆಕ್ಕದಲ್ಲಿ ಏರಲು 375 ಸೆಂ.ಮೀ., ಇಳಿಯಲು ಮತ್ತಷ್ಟೇ. ನಮ್ಮ ಇಡೀ ಸುತ್ತೇ ಸುಮಾರು 424 ಸೆಂ.ಮೀ. ಆಗುವುದಿಲ್ಲ ಅಲ್ವಾ?

ಅದಕ್ಕೆ ಉಪಾಯ ಇದೆ. ಹಳಿಯನ್ನು ಮಟ್ಟಸವಾಗಿ ಇಟ್ಟು ನೆಲವನ್ನೇ ಏರಿಳಿಸಿ. ಪ್ಲೈ ಮೇಲೆ ಪೂರ್ತಿ ಎರಡು ಇಂಚಿನ ಗಟ್ಟಿ ಥರ್ಮೋಕೋಲ್ ಅಂಟಿಸಿ. ಹಳಿ ಅದರ ಮೇಲೆ ಹೋಗಲಿ. ಹೊಳೆ ಬೇಕಾದ ಕಡೆ ಥರ್ಮೋಕೋಲನ್ನು ಕೊರೆದು ತೆಗೆಯಿರಿ. ಅಲ್ಲಿ ಹಳಿಯ ಕೆಳಗೆ ಪ್ಲೈ ಪಟ್ಟಿಯಿಂದ ಸೇತುವೆ ಬರುತ್ತದೆ. ಹಿಂದೆ ಬೆಟ್ಟ, ಮುಂದೆ ಕಣಿವೆ, ನಡುವೆ ರೈಲು. ಕಣ್ಣಿಗೆ ಅದು ಘಾಟಿಯೇ.

ಅಂಟಿಸಲು ಫೆವಿಕಾಲ್ ಮಾತ್ರ. ಚಪ್ಪಲಿ, ರೆಕ್ಸಿನ್‌ಗೆ ಹಚ್ಚುವ ಹಳದಿ ಗಮ್ ಮತ್ತು ಸ್ಪ್ರೇ ಪೇಂಟ್ ಥರ್ಮೋಕೋಲನ್ನು ಕರಗಿಸುತ್ತವೆ. ರಾತ್ರಿಯಿಡೀ ಮೇಲೆ ಪುಸ್ತಕದ ಭಾರ ಇರಲಿ. ಕತ್ತರಿಸುವ ಬ್ಲೇಡ್ ದೊಡ್ಡವರ ಕೈಯಲ್ಲೇ ಇರಲಿ.

ಕರೆಂಟ್

ಮಗುವಿಗೆ ವಿವರಿಸಲು ಇದರಷ್ಟು ಚಂದದ ಪಾಠ ಇನ್ನೊಂದಿಲ್ಲ. ಕಂಟ್ರೋಲರ್‌ನಿಂದ ಎರಡು ವೈರು ಬರುತ್ತವೆ. ಒಂದು ಒಳಗಿನ ಹಳಿಗೆ, ಇನ್ನೊಂದು ಹೊರಗಿನ ಹಳಿಗೆ. ಕರೆಂಟ್ ಒಂದು ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟರಿಗೆ, ಮೋಟರಿನಿಂದ ಆಚೆ ಬದಿಯ ಚಕ್ರಕ್ಕೆ, ಅಲ್ಲಿಂದ ಇನ್ನೊಂದು ಹಳಿಗೆ. ವೈರು ಅದಲು ಬದಲು ಮಾಡಿದರೆ ರೈಲು ಹಿಂದಕ್ಕೆ ಓಡುತ್ತದೆ. ಮಗುವೇ ವೈರು ಬದಲಿಸಿ ನೋಡಲಿ. 12 ವೋಲ್ಟ್‌ನಿಂದ ಕೈಗೆ ಏನೂ ಆಗುವುದಿಲ್ಲ. ಗೋಡೆಯ ಪ್ಲಗ್ ಮಾತ್ರ ನಿಮ್ಮದು. ಒಂದು ಸ್ಟೀಲ್ ಚಮಚ ಹಳಿಗಳ ಮೇಲೆ ಅಡ್ಡ ಬಿದ್ದರೂ ಶಾರ್ಟ್ ಆಗುತ್ತದೆ ಅಂತ ಮೊದಲೇ ಹೇಳಿಡಿ.

ರೈಲು ಕಂಟ್ರೋಲರ್ ಹತ್ತಿರ ಜೋರಾಗಿ, ಆಚೆ ತುದಿಯಲ್ಲಿ ನಿಧಾನವಾಗಿ ಓಡಿದರೆ ಹಳಿ ಜೋಡಿಸುವ ಲೋಹದ ಜಾಯಿನರ್‌ಗಳು ಸಡಿಲವಾಗಿವೆ ಅಂತ ಅರ್ಥ. ಇಕ್ಕಳದಿಂದ ಮೆಲ್ಲಗೆ ಒತ್ತಿ ಬಿಗಿ ಮಾಡಿ. ಸುತ್ತಿನ ಆಚೆ ಬದಿಗೂ ಇನ್ನೊಂದು ಜೊತೆ ವೈರು ಕೊಟ್ಟರೆ ಇನ್ನೂ ಒಳ್ಳೆಯದು. ಒಳಗಿನ ಹಳಿಗೆ ಎಲ್ಲಾ ಕಡೆಯೂ ಕೆಂಪು ವೈರೇ ಬರಲಿ. ಬೆಟ್ಟ ಕಟ್ಟುವ ಮೊದಲೇ ಈ ಕೆಲಸ ಮುಗಿದಿರಬೇಕು.

ವೇಗಕ್ಕೂ ಅಳತೆ ಉಂಟು. ಗಂಟೆಗೆ 30 ಕಿ.ಮೀ. ಓಡುವ ರೈಲು ಇಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 10 ಸೆಂ.ಮೀ. ಸಾಗಬೇಕು. ಅಂದರೆ ಒಂದು ಸುತ್ತಿಗೆ ಮುಕ್ಕಾಲು ನಿಮಿಷ. ಮಗು ಫೋನಿನ ಸ್ಟಾಪ್‌ವಾಚ್ ಹಿಡಿದು ನೋಡಲಿ. ಜೋರಾಗಿ ಓಡಿಸುವ ಆಸೆ ತಾನಾಗಿಯೇ ಇಳಿಯುತ್ತದೆ.

ಬೆಟ್ಟ, ಸುರಂಗ

ಥರ್ಮೋಕೋಲ್ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಬೆಟ್ಟದ ಆಕಾರ ತನ್ನಿ. ಸುರಂಗದ ಬಾಯಿ ಹಳಿಯ ಮೇಲಿನಿಂದ ಮೂರು ಇಂಚು ಎತ್ತರ ಇರಲಿ. ಅಗಲವನ್ನು ಲೆಕ್ಕದಿಂದ ಹೇಳಲಾಗದು. ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೆ, ತುದಿಗಳು ಹೊರಕ್ಕೆ ಚಾಚುತ್ತವೆ. ನಿಮ್ಮಲ್ಲಿರುವ ಅತಿ ಉದ್ದದ ಬೋಗಿಗೆ ಪೆನ್ಸಿಲ್ ಕಟ್ಟಿ, ಹಳಿ ಮೇಲೆ ಕೈಯಿಂದ ತಳ್ಳಿ ಗೆರೆ ಎಳೆಯಿರಿ. ಆ ಗೆರೆಯಿಂದ ಒಂದು ಬೆರಳು ಬಿಟ್ಟು ಗೋಡೆ ಕಟ್ಟಿ.

ಸುರಂಗದ ಹಿಂಬದಿ ತೆರೆದೇ ಇರಬೇಕು. ರೈಲು ಹಳಿ ತಪ್ಪುವುದು ಬಹಳ ಸಲ ಒಳಗೇ. ಕೈ ಹಾಕಲು ಜಾಗ ಇಲ್ಲದಿದ್ದರೆ ಬೆಟ್ಟ ಒಡೆಯಬೇಕಾಗುತ್ತದೆ.

ಇಲ್ಲಿಂದ ಮುಂದೆ ಮಗುವಿನ ಕೈಯೇ ಮೇಲು. ಪೇಪರ್ ಚೂರುಗಳನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಬೆಟ್ಟದ ಮೇಲೆ ಎರಡು ಮೂರು ಪದರ ಹಚ್ಚಿಸಿ. ಒಣಗಿದ ಮೇಲೆ ಕಂದು ಬಣ್ಣದ ವಾಟರ್ ಪೇಂಟ್. ಬಣ್ಣ ಹಸಿ ಇರುವಾಗಲೇ ಜರಡಿ ಹಿಡಿದ ಕೆಮ್ಮಣ್ಣು ಉದುರಿಸಿ. ಮಲೆನಾಡಿನ ಬಣ್ಣ ಅಂಗಡಿಯ ಡಬ್ಬಿಯಲ್ಲಿ ಸಿಗುವುದಿಲ್ಲ, ಮಣ್ಣಿನಲ್ಲೇ ಇದೆ. ಹುಲ್ಲಿಗೆ ಬಡಗಿಯ ಹತ್ತಿರದ ಮರದ ಪುಡಿಯನ್ನು ಹಸಿರು ಬಣ್ಣದಲ್ಲಿ ಕಲಸಿ ಒಣಗಿಸಿ. ಎರಡು ಮೂರು ಬಗೆಯ ಹಸಿರು ಇದ್ದರೆ ಕಾಡು ನಿಜ ಅನ್ನಿಸುತ್ತದೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರನ್ನು ಚೂರು ಚೂರು ಹರಿದರೆ ಪೊದೆ. ಪೊರಕೆ ಕಡ್ಡಿಯ ತುದಿಗೆ ಸೀಳಿದ ಹಸಿರು ಕಾಗದ ಕಟ್ಟಿದರೆ ಅಡಿಕೆ ಮರ. ಅದು ಹಲಗೆಯ ಮೇಲೆ ಹದಿನೈದು ಸೆಂ.ಮೀ. ಇದ್ದರೆ ಅಳತೆಗೆ ಸರಿ.

ಜಲ್ಲಿಗೆ ಟೀ ಸೋಸುವ ಜಾಲರಿಯಲ್ಲಿ ಸೋಸಿದ ಕಲ್ಲುಪುಡಿ ಅಥವಾ ಮರಳು ಆಗುತ್ತದೆ. ಬಳಸುವ ಮೊದಲು ಅದರ ಮೇಲೆ ಅಯಸ್ಕಾಂತ ಆಡಿಸಲೇಬೇಕು. ಕರಾವಳಿಯ ಮರಳಿನಲ್ಲಿ ಕಪ್ಪು ಕಬ್ಬಿಣದ ಕಣಗಳು ಇರುತ್ತವೆ. ಅವು ಮೋಟರಿನ ಅಯಸ್ಕಾಂತಕ್ಕೆ ಅಂಟಿ ಎಂಜಿನ್ನನ್ನೇ ಹಾಳು ಮಾಡುತ್ತವೆ. ಜಲ್ಲಿಯನ್ನು ಸ್ಲೀಪರ್‌ಗಳ, ಅಂದರೆ ಹಳಿಯ ಕೆಳಗಿನ ಅಡ್ಡಪಟ್ಟಿಗಳ ನಡುವೆ ಒಣಗಿದ ಬ್ರಷ್‌ನಿಂದ ಹರಡಿ, ಸ್ಪ್ರೇ ಬಾಟಲಿಯಿಂದ ನೀರಿನ ಮಂಜು ಹಿಡಿಸಿ. ಆಮೇಲೆ ಸಮ ಪಾಲು ನೀರು ಮತ್ತು ಫೆವಿಕಾಲ್‌ಗೆ ಪಾತ್ರೆ ತೊಳೆಯುವ ಸೋಪು ಒಂದು ಹನಿ ಸೇರಿಸಿ, ಸೂಜಿ ಇಲ್ಲದ ಸಿರಿಂಜಿನಿಂದ ಹನಿ ಹನಿ ಬಿಡಿ. ಸೋಪು ಇಲ್ಲದಿದ್ದರೆ ಅಂಟು ಒಳಗೆ ಇಳಿಯದೆ ಮೇಲೇ ಗುಂಡಾಗಿ ನಿಲ್ಲುತ್ತದೆ. ಈ ಕೆಲಸದಲ್ಲಿ ಮಕ್ಕಳು ಗಂಟೆಗಟ್ಟಲೆ ಮುಳುಗಿರುತ್ತಾರೆ, ಅವಸರ ಮಾಡಬೇಡಿ. ಪಾಯಿಂಟ್ಸ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ತುಂಡು, ಇರುವ ಕಡೆ ಮಾತ್ರ ಅಂಟು ಬೇಡ.

ಸ್ಟೇಷನ್

ಎಡಕುಮೇರಿ, ದೋಣಿಗಲ್ ಥರದ ಪುಟ್ಟ ಸ್ಟೇಷನ್ ಒಂದೇ ಸಾಕು. ತಗ್ಗು ಪ್ಲಾಟ್‌ಫಾರಂ ಹಳಿಯ ಮೇಲಿನಿಂದ 455 ಮಿ.ಮೀ. ಎತ್ತರ. ನಮ್ಮ ಅಳತೆಯಲ್ಲಿ 5 ಮಿ.ಮೀ. ಅಂದರೆ ಸ್ಟೇಷನರಿ ಅಂಗಡಿಯ 5 ಮಿ.ಮೀ. ಸನ್‌ಬೋರ್ಡ್ ಒಂದು ಪದರ. ಹಳಿ ಎಷ್ಟು ಎತ್ತರದಲ್ಲಿದೆಯೋ ಅಷ್ಟನ್ನು ಕೆಳಗೆ ಸೇರಿಸಿಕೊಳ್ಳಿ.

ಬೋರ್ಡ್ ಬರೆಯುವುದು ಮಗುವಿನ ಕೆಲಸ. ಹಳದಿ ಹಲಗೆ, ಕಪ್ಪು ಅಕ್ಷರ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೆಸರು, ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅನ್ನುವ ಸಾಲು. ಮಗು ತನ್ನದೇ ಊರಿನ ಹೆಸರು ಇಡಲಿ ಬಿಡಿ.

ವಿವರ ಬೇಕಿದ್ದರೆ ರೈಲಿನ ಕಿಟಕಿಯಿಂದ ಫೋಟೊ ತೆಗೆಯಿರಿ. ಘಾಟಿಯ ಹಳಿ ಮೇಲೆ ನಡೆಯುವುದು ಅಪಾಯ, ಅಪರಾಧ ಕೂಡ. ಎಂಜಿನ್ನುಗಳನ್ನು ಹತ್ತಿರದಿಂದ ನೋಡಲು ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ. ಪುಣೆ ಕಡೆ ಹೋದರೆ ಕೋಥ್ರೂಡ್‌ನ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ತಪ್ಪಿಸಬೇಡಿ. ಇಡೀ ಊರನ್ನೇ ಚಿಕ್ಕದು ಮಾಡಿ ಇಟ್ಟಿದ್ದಾರೆ.

ನೋಡಿಕೊಳ್ಳುವುದು

ರೈಲು ತಡೆದು ತಡೆದು ಓಡಿದರೆ ನೂರಕ್ಕೆ ತೊಂಬತ್ತು ಸಲ ಹಳಿಯ ಕೊಳೆಯೇ ಕಾರಣ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಮೆತ್ತನೆ ಬಟ್ಟೆಯಿಂದ ಹಳಿ, ಚಕ್ರ ಎರಡನ್ನೂ ಒರೆಸಿ. ಉಪ್ಪುಕಾಗದ ಹಾಕಿ ಉಜ್ಜಿದರೆ ಗೀರು ಬಿದ್ದು ಕೊಳೆ ಇನ್ನೂ ಜಾಸ್ತಿ ಕೂರುತ್ತದೆ. ಅಂಟು, ಬಣ್ಣದ ಕೆಲಸವನ್ನೆಲ್ಲ ಮಳೆಗಾಲಕ್ಕೆ ಮೊದಲೇ ಮುಗಿಸಿ. ಜುಲೈನಲ್ಲಿ ಹಚ್ಚಿದ ಪೇಪರ್ ಪದರ ಒಣಗುವ ಮೊದಲು ಬೂಷ್ಟು ಹಿಡಿಯುತ್ತದೆ. ಓಡಿಸದಿದ್ದಾಗ ಹಳೆಯ ಬೆಡ್‌ಶೀಟ್ ಹೊದಿಸಿ.

ಮುಂದಿನ ಹೆಜ್ಜೆ ಸೈಡಿಂಗ್, ಅಂದರೆ ಬದಿಯ ಹಳಿ. ಒಂದು ನೇರ ತುಂಡು ತೆಗೆದು ಪಾಯಿಂಟ್ಸ್ ಕೂರಿಸಿದರೆ ಗೂಡ್ಸ್ ವ್ಯಾಗನ್‌ಗಳನ್ನು ಬದಿಗೆ ಬಿಡಬಹುದು. ಅದರ ಇನ್ನೊಂದು ತುದಿಯನ್ನು ತಿರುಗಿಸಿ ಮತ್ತೆ ಅದೇ ಹಳಿಗೆ ಸೇರಿಸಿ ರೈಲು ಉಲ್ಟಾ ಬರುವಂತೆ ಮಾಡೋಣ ಅಂತ ಮಗು ಕೇಳಬಹುದು. ಹಾಗೆ ಮಾಡಿದರೆ ಒಳಗಿನ ಹಳಿ ಹೊರಗಿನದಕ್ಕೆ ತಗುಲಿ ಶಾರ್ಟ್ ಆಗುತ್ತದೆ. ಅದಕ್ಕೆ ಬೇರೆಯೇ ವೈರಿಂಗ್ ಬೇಕು. ಸದ್ಯಕ್ಕೆ ಆ ತುದಿಯಲ್ಲಿ ವ್ಯಾಗನ್ ಹಳಿ ದಾಟದಂತೆ ತಡೆಯಲು ಐಸ್‌ಕ್ಯಾಂಡಿ ಕಡ್ಡಿಯ ಬಫರ್ ನಿಲ್ಲಿಸಿ, ಕೆಂಪು ಬಣ್ಣ ಮಗುವೇ ಬಳಿಯಲಿ.