ಸಗಲ್ಲಾದ ಹೊಲಕ್ಕೆ ಜೇನಿನ ಬೇಲಿ: ಖಾಲಿ ಪೆಟ್ಟಿಗೆಗೆ ಆನೆ ಹೆದರುವುದಿಲ್ಲ

ಜೇನುಪೆಟ್ಟಿಗೆ ತೂಗುಹಾಕಿದರೆ ಆನೆ ನಿಲ್ಲುತ್ತದಾ ಎಂದು ಅಕ್ಕಪಕ್ಕದವರು ಮೂರು ಹಂಗಾಮು ಕೇಳಿದರು. ನಾಲ್ಕನೆಯದರಲ್ಲಿ ನನ್ನ ಒಂದು ಎಕರೆ ಮೆಕ್ಕೆಜೋಳ ಪೂರ್ತಿ ಮನೆಗೆ ಬಂತು. ಸುತ್ತಲಿನ ಹೊಲಗಳಲ್ಲಿ ಬರೀ ದಂಟು ಉಳಿದಿತ್ತು. ಕೇಳಿದವರೇ ಈಗ ಅಳತೆ ಕೇಳಲು ಬರುತ್ತಿದ್ದಾರೆ.

ಜಾಗ ಕೀನ್ಯಾದ ವೋಯಿ ಪಟ್ಟಣದ ದಕ್ಷಿಣಕ್ಕಿರುವ ಸಗಲ್ಲಾ ಗುಡ್ಡದ ಬುಡ. ನೈರೋಬಿ ಬಿಟ್ಟು ಹೆಂಡತಿಯ ತವರಿನ ಈ ಹೊಲಕ್ಕೆ ಮರಳಿದ ಕುಟುಂಬ ನಮ್ಮದು. ಪಕ್ಕದಲ್ಲೇ ತ್ಸಾವೋ ಪೂರ್ವ ರಾಷ್ಟ್ರೀಯ ಉದ್ಯಾನ. ಕೀನ್ಯಾದಲ್ಲಿ ಅತಿ ಹೆಚ್ಚು ಆನೆಗಳಿರುವುದು ಈ ತ್ಸಾವೋ ಸೀಮೆಯಲ್ಲೇ. ಹೊಲದ ಸುತ್ತ ತಂತಿಯಲ್ಲಿ ಜೇನುಪೆಟ್ಟಿಗೆ ತೂಗುವ ಈ ಜೇನಿನ ಬೇಲಿ ನನ್ನ ಕಲ್ಪನೆಯಲ್ಲ. ಆನೆ ಸಂಶೋಧಕಿ ಲೂಸಿ ಕಿಂಗ್ ಅವರ ತಂಡ ಇದೇ ಸಗಲ್ಲಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ರೂಢಿಗೆ ತಂದ ವಿಧಾನ. ಕಟ್ಟಿದ ಮೇಲೆ ಅದನ್ನು ಜೀವಂತ ಇಡುವುದು ಹೇಗೆ ಎಂಬುದನ್ನು ಮಾತ್ರ ನಾನು ನಷ್ಟ ತಿಂದು ಕಲಿತೆ.

ಅಳತೆ ಗೊತ್ತಿರುವುದೇ: 10 ಮೀಟರಿಗೊಂದು ಪೆಟ್ಟಿಗೆ, ಒಂದು ಬಿಟ್ಟು ಒಂದು ಪ್ಲೈವುಡ್ಡಿನ ಸುಳ್ಳು ಪೆಟ್ಟಿಗೆ. ಎಕರೆಗೆ 12 ನಿಜ, 12 ಸುಳ್ಳು. ಪೆಟ್ಟಿಗೆ ತೂಗುವ ಎರಡು ಕಂಬಗಳ ನಡುವೆ 3 ಮೀಟರ್, ಅಲ್ಲಿಂದ ಮುಂದಿನ ಜೋಡಿ ಕಂಬದವರೆಗೆ 7 ಮೀಟರ್ ತಂತಿ. ನಮ್ಮ ಎದೆಯೆತ್ತರಕ್ಕೆ ತೂಗಿದರೆ ಜೇನು ಬಿಡಿಸಲು ಏಣಿ ಬೇಡ.

ಮೊದಲ ವರ್ಷ ಬೇಲಿ ಕಟ್ಟುವ ಕೈರೂಢಿಯಲ್ಲಿ ತಂತಿಯನ್ನು ಕಂಬಕ್ಕೇ ಮೊಳೆ ಹೊಡೆದು ಬಿಗಿದೆ. ದೊಡ್ಡ ತಪ್ಪು. ಆನೆ ಎದೆ ಕೊಟ್ಟು ದೂಡಿದಾಗ ಪೆಟ್ಟಿಗೆಗಳು ಅಲ್ಲಾಡಬೇಕು. ತಂತಿ ಕಂಬಕ್ಕೆ ಬಿಗಿದಿದ್ದರೆ ಕಂಬ ಮುರಿಯುತ್ತದೆಯೇ ಹೊರತು ಒಳಗಿನ ಜೇನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹಾಗೇ ಆಯಿತು, ಆನೆಗಳು ಎರಡು ಕಂಬ ಕಿತ್ತು ಒಳಗೆ ಬಂದವು. ಈಗ ಉದ್ದ ತಂತಿಯನ್ನು ಕಂಬದ ಹಿಂದಿನಿಂದ ಸಡಿಲವಾಗಿ ಹಾಯಿಸಿ, ಪೆಟ್ಟಿಗೆ ತೂಗುವ ತಂತಿಗೇ ಕೊಂಡಿ ಹಾಕುತ್ತೇನೆ.

ಎರಡನೆಯ ನಷ್ಟ ಕಂಬದ್ದು. ಒಣ ಕಂಬಗಳನ್ನು ಗೆದ್ದಲು ಒಂದೂವರೆ ವರ್ಷದಲ್ಲಿ ಮುಗಿಸಿತು. ಕಾಮಿಫೋರಾ ಗಿಡದ (ನಮ್ಮ ಗುಗ್ಗುಳದ ಬಳಗ) ಹಸಿ ಗೂಟಗಳನ್ನು ಮಳೆಗೆ ಮುಂಚೆ ನೆಟ್ಟರೆ ಚಿಗುರಿಕೊಳ್ಳುತ್ತವೆ. ನನ್ನ ನೂರಕ್ಕೆ ಎಪ್ಪತ್ತು ಗೂಟ ಚಿಗುರಿದವು. ಬದುಕಿರುವ ಕಂಬಕ್ಕೆ ಗೆದ್ದಲು ಹತ್ತುವುದು ಕಡಿಮೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಎರಡನೆಯ, ಮೂರನೆಯ ಹಂಗಾಮು ಸೋತದ್ದು ಒಂದೇ ಕಾರಣಕ್ಕೆ: ಹನ್ನೆರಡರಲ್ಲಿ ಜೇನು ಕೂತದ್ದು ಮೂರೋ ನಾಲ್ಕೋ ಪೆಟ್ಟಿಗೆಯಲ್ಲಿ. ಆನೆಗೆ ವಾಸನೆ ಗೊತ್ತು, ಸದ್ದು ಗೊತ್ತು. ಖಾಲಿ ಪೆಟ್ಟಿಗೆಯ ಸಾಲನ್ನು ಹುಡುಕಿ ಅಲ್ಲೇ ನುಗ್ಗಿತು. ಸುಳ್ಳು ಪೆಟ್ಟಿಗೆ ನಡೆಯುವುದೂ ಅಕ್ಕಪಕ್ಕ ನಿಜವಾದ ಜೇನು ಇದ್ದಾಗ ಮಾತ್ರ.

ಜೇನು ನಿಲ್ಲದ್ದಕ್ಕೆ ಮೊದಲ ಕಾರಣ ಪಟ್ಟಿ. ಜೇನು ಎರಿ ಕಟ್ಟಲಿ ಎಂದು ಪೆಟ್ಟಿಗೆಯ ಮೇಲೆ ಸಾಲಾಗಿ ಕೂರಿಸುವ ಮರದ ಮೇಲ್ಪಟ್ಟಿಗಳನ್ನು ಬಡಗಿ ಸುಮಾರು 38 ಮಿ.ಮೀ. ಅಗಲ ಕೊಯ್ದಿದ್ದ. ಆಫ್ರಿಕಾದ ಜೇನಿಗೆ 32 ಮಿ.ಮೀ. ಬೇಕು. ಅಗಲವಾದರೆ ಎರಿ ಪಟ್ಟಿಗೆ ಸರಿಯಾಗಿ ಕೂರದೆ ಅಡ್ಡಡ್ಡ ಬೆಳೆಯುತ್ತದೆ, ಒಂದನ್ನು ಎತ್ತಿದರೆ ಮೂರು ಹರಿಯುತ್ತವೆ, ಹಿಂಡು ಎದ್ದು ಹೋಗುತ್ತದೆ. ಎಲ್ಲ ಪಟ್ಟಿ ಮತ್ತೆ ಕೊಯ್ಯಿಸಿದೆ. ಆಮೇಲೆ ನೆರಳು: ಪ್ರತಿ ಪೆಟ್ಟಿಗೆಯ ಮೇಲೆ ಹುಲ್ಲಿನ ಸೂರು. ಬರೀ ತಗಡು ಹಾಕಿದ್ದ ಎರಡು ಪೆಟ್ಟಿಗೆಗಳಲ್ಲಿ ಫೆಬ್ರವರಿ ಬಿಸಿಲಿಗೆ ಎರಿ ಕರಗಿ ಬಿತ್ತು. ನೀರು: ಅಗಲ ಬಾಣಲೆಯಲ್ಲಿ ಕಡ್ಡಿ, ಕಲ್ಲು ಹಾಕಿ ಬೇಲಿಯ ಎರಡು ಮೂಲೆಯಲ್ಲಿ ಇಟ್ಟೆ. ಬೇಸಿಗೆಯಲ್ಲಿ ದಿನಕ್ಕೆ ಹತ್ತು ಲೀಟರ್ ಹೋಗುತ್ತದೆ, ಅದು ತಪ್ಪಬಾರದು.

ಪಾಲು ಹಾರುವ (ಹಿಂಡು ಒಡೆದು ಹೊಸ ಗೂಡು ಹುಡುಕುವ) ಕಾಲಕ್ಕೆ ಮುಂಚೆ, ಅಂದರೆ ಮಳೆ ಬಿದ್ದು ಜಾಲಿ ಹೂ ಬಿಡುವ ಮೊದಲೇ, ಪೆಟ್ಟಿಗೆ ಕೆರೆದು, ಮೇಣದ ಪತಂಗದ ಬಲೆ ತೆಗೆದು, ಪಟ್ಟಿಗಳಿಗೆ ಕರಗಿಸಿದ ಮೇಣ ಸವರಬೇಕು. ಮೇಣದ ಜೊತೆ ನಾನು ಇನ್ನೆರಡು ವಸ್ತು ಬೆರೆಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹೊಲಕ್ಕೆ ಬಂದು ಕೈಜೋಡಿಸಿದವರಿಗೆ ತೋರಿಸುತ್ತೇನೆ. ಕಳೆದ ವರ್ಷ ಒಂಬತ್ತು ಪೆಟ್ಟಿಗೆ ತುಂಬಿದವು.

ತುಂಬಿದ ಮೇಲಿನ ಶತ್ರು ತರಕರಡಿ (ಹನಿ ಬ್ಯಾಜರ್). ಒಂದು ರಾತ್ರಿಯಲ್ಲಿ ಎರಡು ಪೆಟ್ಟಿಗೆ ಹರಿದು ತಿಂದಿತ್ತು. ಕಂಬಕ್ಕೆ ಮೊಣಕಾಲಿನ ಮೇಲೆ ಅರ್ಧ ಮೀಟರ್ ತಗಡು ಸುತ್ತಿದ ಮೇಲೆ ಹತ್ತಲು ಆಗಲಿಲ್ಲ. ಇರುವೆಗೆ ಕಂಬಕ್ಕೆ ಗ್ರೀಸ್, ತಿಂಗಳಿಗೊಮ್ಮೆ.

ಖರ್ಚು ನೆನಪಿನಲ್ಲಿರುವಂತೆ: ಪೆಟ್ಟಿಗೆಗೆ ನಾಲ್ಕೂವರೆ ಸಾವಿರ ಶಿಲ್ಲಿಂಗ್, ತಂತಿ, ಪ್ಲೈವುಡ್, ತಗಡು, ಕೂಲಿ ಸೇರಿ ಒಟ್ಟು ಎಂಬತ್ತು ಸಾವಿರದ ಹತ್ತಿರ. ತಪ್ಪು ತಿದ್ದಲು ಇನ್ನೊಂದು ಹದಿನೈದು ಸಾವಿರ. ಕಳೆದ ವರ್ಷ ಎರಡು ಕೊಯ್ಲಿಗೆ ಸುಮಾರು 80 ಕಿಲೋ ಜೇನು, ಕಿಲೋಗೆ ಆರುನೂರರಿಂದ ಏಳುನೂರು. ಮರಿ ಇರುವ ಎರಿ ಮುಟ್ಟಬೇಡಿ, ಜೇನಿನ ಮೂರನೇ ಒಂದು ಭಾಗ ಬಿಡಿ. ಆಸೆಪಟ್ಟು ಪೂರ್ತಿ ಕೊಯ್ದ ಒಂದು ಪೆಟ್ಟಿಗೆ ವಾರದಲ್ಲಿ ಪರಾರಿ. ಬರಗಾಲದ ವರ್ಷ ಕೊಯ್ಲೇ ಬೇಡ. ಜೇನು ಹೋದರೆ ಬೇಲಿಯೇ ಹೋದಂತೆ.

ನಡುವೆ ಆನೆ ತಡೆಯುವ ಬೇರೆ ಉಪಾಯಗಳನ್ನೂ ಮಾಡಿ ನೋಡಿದೆ. ಮೆಣಸಿನಪುಡಿ, ಹಳೆ ಇಂಜಿನ್ ಆಯಿಲ್ ಸವರಿದ ಹಗ್ಗ ಒಣಹವೆಗೆ ಚೆನ್ನ, ಒಂದು ಜೋರು ಮಳೆಗೆ ತೊಳೆದುಹೋಯಿತು. ಮೆಣಸು ಬೆರೆಸಿದ ಲದ್ದಿಯ ಇಟ್ಟಿಗೆ ಸುಟ್ಟರೆ ಹೊಗೆ ನಮ್ಮ ಮನೆಗೇ ಬಂತು. ಜೇನಿನ ಸದ್ದನ್ನು ಸ್ಪೀಕರಿನಲ್ಲಿ ಹಾಕಿದಾಗ ಐದಾರು ರಾತ್ರಿ ಹಿಂಜರಿದವು, ಕಚ್ಚದ ಜೇನು ಎಂದು ಗೊತ್ತಾದ ಮೇಲೆ ನಿಲ್ಲಲಿಲ್ಲ. ತಂತಿಗೆ ತಗಡಿನ ಪಟ್ಟಿ ತೂಗುವುದು ಪರವಾಗಿಲ್ಲ, ಗೇಟಿನ ಬಳಿ ಅದನ್ನೇ ಉಳಿಸಿಕೊಂಡಿದ್ದೇನೆ.

ಕೊಡಗಿನ ನೆಂಟರು ಫೋನಿನಲ್ಲಿ ಕೇಳುತ್ತಾರೆ. ಅಲ್ಲೂ 2021ರಲ್ಲಿ ಖಾದಿ ಆಯೋಗ ಆನೆ ದಾರಿಗೆ ಜೇನುಪೆಟ್ಟಿಗೆ ಇಡಿಸಿತ್ತು. ಆದರೆ ನಮ್ಮ ತುಡುವೆ ಸಾಧು ಜೇನು, ಹಿಂಡೂ ಚಿಕ್ಕದು. ಇಲ್ಲಿಯ ಜೇನು ಪೆಟ್ಟಿಗೆ ಅಲುಗಿದರೆ ನೂರಾರು ಒಟ್ಟಿಗೆ ಎದ್ದು ಕಣ್ಣಿನ ಸುತ್ತ, ಸೊಂಡಿಲಿನೊಳಗೆ ಕಚ್ಚುತ್ತವೆ. ಇಲ್ಲಿಯ ಲೆಕ್ಕವನ್ನು ಅಲ್ಲಿಗೆ ಹಾಗೇ ಹಾಕಬೇಡಿ ಎಂದೇ ಹೇಳುತ್ತೇನೆ. ಇಲ್ಲಿಯೂ ಬೇಲಿಯ ಹತ್ತಿರ ಮೇಕೆ, ಕತ್ತೆ ಕಟ್ಟಲೇಬಾರದು. ಕಟ್ಟಿದ ಪ್ರಾಣಿ ಓಡಲಾರದೆ ಅಲ್ಲೇ ಸಾಯುತ್ತದೆ.

ಈಗ ಆನೆ ಬರುತ್ತಿರುವುದು ಹೊಲಕ್ಕಲ್ಲ, ಮನೆ ಹಿಂದಿನ ನೀರಿನ ಟ್ಯಾಂಕಿಗೆ. ನವೆಂಬರ್ ಮಳೆಗೆ ಮುಂಚೆ ಅದರ ಸುತ್ತ ಇನ್ನು ನಾಲ್ಕು ಪೆಟ್ಟಿಗೆ ತೂಗಬೇಕು, ಪಟ್ಟಿಗಳು ಕೊಯ್ದು ಸಿದ್ಧವಾಗಿವೆ, 32 ಮಿ.ಮೀ.