ಬಚ್ಚಲ ಹಂಡೆ ಒಲೆ: ಅರ್ಧ ಸೌದೆಯಲ್ಲಿ ನೀರು ಕಾಯಿಸುವ ಬಗೆ

ಹಂಡೆಯಲ್ಲಿ 50 ಲೀಟರ್ ನೀರಿದೆ, ಅದು 20 ಡಿಗ್ರಿಯಿಂದ 50 ಡಿಗ್ರಿಗೆ ಕಾಯಬೇಕು ಎಂದುಕೊಳ್ಳಿ. ಇದಕ್ಕೆ ಬೇಕಾದ ಶಾಖ ಸುಮಾರು 6.3 ಮೆಗಾಜೌಲ್. ಒಣ ಸೌದೆ ಕಿಲೋಗೆ ಸುಮಾರು 15 ಮೆಗಾಜೌಲ್ ಕೊಡುತ್ತದೆ. ಶಾಖವೆಲ್ಲ ನೀರಿಗೇ ಸೇರಿದರೆ ಅರ್ಧ ಕಿಲೋ ಸೌದೆಯೂ ಬೇಡ! ನಿಮ್ಮ ಮನೆಯಲ್ಲಿ ಎಷ್ಟು ಹಿಡಿಯುತ್ತದೆ, ಒಂದು ದಿನ ತೂಗಿ ನೋಡಿ. 4 ಕಿಲೋ ಉರಿದಿದ್ದರೆ ನೀರಿಗೆ ಸಿಕ್ಕಿದ್ದು ಹತ್ತರಲ್ಲಿ ಒಂದು ಪಾಲು.

ಮೊದಲು ಜಾಲರಿ ಹಾಕಿ. 10–12 ಮಿ.ಮೀ. ಕಬ್ಬಿಣದ ಸರಳುಗಳನ್ನು ಒಂದು ಸೆಂ.ಮೀ. ಬಿಟ್ಟು ಬೆಸುಗೆ ಹಾಕಿಸಿದರೆ ಸಾಕು. ಅದರಡಿ ಬೂದಿ ಬೀಳಲು, ಗಾಳಿ ಬರಲು 10 ಸೆಂ.ಮೀ. ಎತ್ತರದ ಜಾಗ ಬೇಕು. ಜಾಲರಿಯಿಂದ ಹಂಡೆಯ ತಳಕ್ಕೆ ಸುಮಾರು 20 ಸೆಂ.ಮೀ. ಇರಲಿ. ಇದಕ್ಕಿಂತ ತೀರಾ ತಗ್ಗಿಸಿದರೆ ಉರಿ ಪೂರ್ತಿ ಆಗುವ ಮೊದಲೇ ತಣ್ಣನೆಯ ತಳಕ್ಕೆ ತಾಗಿ ಮಸಿಯಾಗುತ್ತದೆ.

ಹೆಚ್ಚು ಸೌದೆ ಉಳಿಯುವುದು ಹಂಡೆಯ ಸುತ್ತಲಿನ ಸಂದಿಯಲ್ಲಿ. ಬರೀ ತಳ ಕಾದರೆ ಸಾಲದು, ಬಿಸಿ ಹೊಗೆ ಹೊಟ್ಟೆಯನ್ನೂ ಸವರಿಕೊಂಡು ಹೋಗಬೇಕು. ಹಂಡೆಗೂ ಗೋಡೆಗೂ ನಡುವೆ ಸರಾಸರಿ ಒಂದೂವರೆ ಸೆಂ.ಮೀ. ಬಿಟ್ಟು, ಕುತ್ತಿಗೆಯ ಕೆಳಗೆ ಮಣ್ಣಿನಿಂದ ಸುತ್ತ ಮುಚ್ಚಿ, ಅದಕ್ಕೆ ಸ್ವಲ್ಪ ಕೆಳಗೆ ಹಿಂಬದಿಯಲ್ಲಿ ಹೊಗೆ ಕೊಳವೆಗೆ ದಾರಿ ಕೊಡಿ. ಹೊಗೆ ಹತ್ತಿರದ ದಾರಿಯನ್ನೇ ಹಿಡಿಯುವುದರಿಂದ ಹಿಂಬದಿ ಮಾತ್ರ ಕಾದು ಮುಂಬದಿ ತಣ್ಣಗೇ ಉಳಿಯುತ್ತದೆ. ಹಾಗಾಗಿ ಹಂಡೆಯನ್ನು ನಡುವೆ ಕೂರಿಸಬೇಡಿ. ಕೊಳವೆಯ ಕಡೆ 1 ಸೆಂ.ಮೀ., ಒಲೆಬಾಯಿಯ ಕಡೆ 2 ಸೆಂ.ಮೀ. ಸಂದಿ ಬರುವಂತೆ ಸರಿಸಿ.

ದಪ್ಪ ಮಣ್ಣಿನ ಗೋಡೆ ಶಾಖವನ್ನು ಕುಡಿಯುತ್ತದೆ. ಇಟ್ಟಿಗೆಯ ಎರಡು ಸಾಲಿನ ನಡುವೆ 5 ಸೆಂ.ಮೀ. ಬಿಟ್ಟು ಒಣ ಬೂದಿ ತುಂಬಿ, ಭತ್ತದ ಹೊಟ್ಟಿನ ಬೂದಿ ಸಿಕ್ಕರೆ ಇನ್ನೂ ಒಳ್ಳೆಯದು. ಒಲೆಬಾಯಿಗೆ ತಗಡಿನ ಬಾಗಿಲು ಇರಲಿ. ಗಾಳಿ ಜಾಲರಿಯ ಕೆಳಗಿನಿಂದ ಬರಬೇಕೇ ಹೊರತು ಉರಿಯ ಮೇಲಿಂದ ನುಗ್ಗಬಾರದು. ಜಾಲರಿ, ಮುಚ್ಚಿದ ಒಲೆ, ಹೊಗೆ ಕೊಳವೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ನೋಡಿದವರಿಗೆ ಇವೆಲ್ಲ ಪರಿಚಿತ.

ಹಸಿ ಸೌದೆಯ ತೂಕದಲ್ಲಿ ಅರ್ಧದ ಹತ್ತಿರ ನೀರೇ. ಮಳೆಗಾಲಕ್ಕೆ ಮುಂಚೆ ಸೀಳಿ, ಒಣಗಿಸಿ, ಕೊಟ್ಟಿಗೆಗೆ ಸೇರಿಸಿ. 3–4 ಸೆಂ.ಮೀ. ದಪ್ಪದ ಸೀಳುಗಳನ್ನು ಎರಡು ಮೂರರಂತೆ ಒಡ್ಡಿ. ಒಲೆ ತುಂಬ ತುರುಕಿದರೆ ಗಾಳಿ ಸಾಲದೆ ಕರಿಹೊಗೆ ಬರುತ್ತದೆ.

ಒಲೆಬಾಯಿಯಿಂದ ಹೊಗೆ ವಾಪಸ್ ಬಂದರೆ ಕೊಳವೆಯಲ್ಲಿ ಮಸಿ ಕಟ್ಟಿರಬಹುದು, ಸಂದಿ ತೀರಾ ಚಿಕ್ಕದಾಗಿರಬಹುದು, ಇಲ್ಲವೇ ಕೊಳವೆ ಮಾಡಿಗಿಂತ ಎತ್ತರ ಇಲ್ಲದಿರಬಹುದು. ಕೊಳವೆಯ ಬುಡ ವಿಪರೀತ ಕಾಯುತ್ತಿದ್ದರೆ ಸಂದಿ ದೊಡ್ಡದಾಗಿದೆ ಎಂದರ್ಥ. ಹಂಡೆಯ ಹೊರಮೈ ಮಸಿಯನ್ನು ವಾರಕ್ಕೊಮ್ಮೆ ಕೆರೆಯಿರಿ, ಅದು ಶಾಖವನ್ನು ತಡೆಯುತ್ತದೆ. ಗಡಸು ನೀರಿನ ಊರಾದರೆ ಒಳಗೆ ಕಟ್ಟಿದ ಬಿಳಿ ಹೆಕ್ಕಳೆಯನ್ನೂ ಹುಣಸೆಹಣ್ಣಿನಿಂದ ಉಜ್ಜಿ ತೆಗೆಯಿರಿ.

ನೀರು ಕಾದ ಮೇಲೆ ಒಲೆಬಾಯಿಯ ಬಾಗಿಲು ಮುಚ್ಚಿ, ಕೆಂಡದ ಬಿಸಿ ನೀರಿಗೇ ಸೇರಲಿ. ಆದರೆ ಕೆಂಡ ಇರುವಷ್ಟು ಹೊತ್ತು ಹೊಗೆ ಕೊಳವೆಯನ್ನು ಖಂಡಿತ ಮುಚ್ಚಬೇಡಿ. ಕಣ್ಣಿಗೆ ಕಾಣದ ಇಂಗಾಲದ ಮಾನಾಕ್ಸೈಡ್ ಬಾಗಿಲು ಹಾಕಿದ ಬಚ್ಚಲಲ್ಲಿ ತುಂಬಿಕೊಂಡರೆ ಸ್ನಾನಕ್ಕೆ ಹೋದವರ ಪ್ರಾಣಕ್ಕೇ ಅಪಾಯ.